‘ಇಂಧನ’ ಎಂಬ ಪದವೂ ಮೋಳಿಗೆ ಹೊತ್ತ ತಲೆಯೂ

ನಮ್ಮ ಬಳಗದ ತಿಂಗಳ ಕೂಟವೊಂದರಲ್ಲಿ ಮಾತು ಹಳೆಯ ಅಡುಗೆಮನೆಗಳ ಕಡೆಗೆ ಹೊರಳಿದಾಗ ಸಣ್ಣದೊಂದು ವಾದ ಎದ್ದಿತು. ದೀಪಕ್ಕೂ ಸ್ಟೌವಿಗೂ ಹಾಕುತ್ತಿದ್ದ ಆ ನೀಲಿ ಛಾಯೆಯ ಎಣ್ಣೆಗೆ ಏನೆನ್ನಬೇಕು? ಮೈಸೂರು ಕಡೆಯವರು ‘ಸೀಮೆಎಣ್ಣೆ’ ಎಂದರು. ಧಾರವಾಡದ ಹಿರಿಯರೊಬ್ಬರು, ‘ನಮ್ಮ ಕಡೆ ಅದು ಚಿಮಣಿ ಎಣ್ಣಿ’ ಎಂದು ತಿದ್ದಿದರು. ಮುಂಬಯಿಯಲ್ಲೇ ಹುಟ್ಟಿ ಬೆಳೆದವರಿಗೆ ಅದು ‘ರಾಕೇಲ್’. ಚೆನ್ನೈಯಿಂದ ಬಂದಿದ್ದ ಅತಿಥಿಗಳಿಗೆ ‘ಮಣ್ಣೆಣ್ಣೈ’. ದೆಹಲಿಯಲ್ಲಿ ನೌಕರಿ ಮುಗಿಸಿ ಬಂದವರ ಬಾಯಲ್ಲಿ ‘ಮಿಟ್ಟೀ ಕಾ ತೇಲ್’. ಒಂದು ಪದಾರ್ಥಕ್ಕೆ ಐದು ಹೆಸರು ದೊರೆತವು. ಆದರೆ ಯಾರೊಬ್ಬರೂ ಅದನ್ನು ‘ಇಂಧನ’ ಎಂದು ಕರೆಯಲಿಲ್ಲ.

ಹಾಗೆಂದು ಇಂಧನವೆಂಬ ಪದ ನಮಗೆ ಅಪರಿಚಿತವೇನಲ್ಲ. ಪತ್ರಿಕೆ ತೆರೆದರೆ ‘ಇಂಧನ ಬೆಲೆ ಏರಿಕೆ’ ಎಂಬ ತಲೆಬರಹ ಕಾಣುತ್ತದೆ. ಕರ್ನಾಟಕದಲ್ಲಿ ಇಂಧನ ಇಲಾಖೆಯಿದೆ, ಇಂಧನ ಸಚಿವರಿದ್ದಾರೆ. ‘ಪಳೆಯುಳಿಕೆ ಇಂಧನ’, ‘ಜೈವಿಕ ಇಂಧನ’ ಎಂಬ ಸಮಾಸಗಳನ್ನು ಶಾಲೆಯ ಮಕ್ಕಳೂ ಬಲ್ಲರು. ಮನೆಯೊಳಗೆ ಎಂದೂ ಬಾರದ ಈ ಪದ ಹೊರಗೆ ಇಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆ, ಬೆಳೆಯುತ್ತ ಅದು ಯಾವುದನ್ನು ಕೈಬಿಟ್ಟಿತು ಎಂಬುದನ್ನು ಇಲ್ಲಿ ನೋಡಲು ಯತ್ನಿಸುತ್ತೇವೆ.

ಮೊದಲು ಪದದ ಮೂಲವನ್ನು ಗಮನಿಸೋಣ. ಸಂಸ್ಕೃತದ ‘ಇಂಧ್’ ಧಾತುವಿಗೆ ಹೊತ್ತಿಸು, ಉರಿಸು ಎಂದರ್ಥ. ಹೊತ್ತಿಸಲು ಸಾಧನವಾದದ್ದು ಇಂಧನ. ಯಜ್ಞದಲ್ಲಿ ಬಳಸುವ ‘ಸಮಿಧೆ’, ‘ಇಧ್ಮ’ ಎಂಬ ಪದಗಳೂ ಇದೇ ಕುಟುಂಬದವು. ಪೂಜೆಗೆಂದು ಇಂದಿಗೂ ಅಂಗಡಿಯಲ್ಲಿ ಸಮಿತ್ತಿನ ಕಟ್ಟು ಕೊಳ್ಳುವವರು ಇಂಧನ ಪದದ ಹತ್ತಿರದ ನೆಂಟನನ್ನೇ ಮನೆಗೆ ತರುತ್ತಿದ್ದಾರೆ. ಇಂಗ್ಲಿಷಿನ ‘ಫ್ಯೂಯೆಲ್’ ಬಂದ ದಾರಿ ಬೇರೆ. ಅದರ ಬೇರು ಲ್ಯಾಟಿನ್ನಿನ ‘ಫೋಕಸ್’, ಅಂದರೆ ಒಲೆ. ಒಂದು ಭಾಷೆ ಉರಿಸುವ ಕ್ರಿಯೆಯಿಂದ ಹೆಸರಿಟ್ಟಿತು, ಇನ್ನೊಂದು ಉರಿಯುವ ತಾಣದಿಂದ.

ಕನ್ನಡ ಮಾತ್ರ ಇವೆರಡನ್ನೂ ಕಾಯದೆ ಬಗೆಬಗೆಯ ಪದಗಳನ್ನು ಮಾಡಿಕೊಂಡಿತ್ತು. ಉರಿಯುವ ಯಾವುದೇ ವಸ್ತುವಿಗೆ ‘ಉರುವಲು’ ಎಂಬ ಸಾಮಾನ್ಯ ನಾಮವಿತ್ತು. ಅದರೊಳಗೆ ಸೌದೆ, ಕಟ್ಟಿಗೆ, ಪುಳ್ಳೆ, ಚಕ್ಕೆ, ಬೆರಣಿ, ಕುಳ್ಳು, ಇದ್ದಿಲು ಎಂಬ ಬೇರೆಬೇರೆ ನಾಮಗಳಿದ್ದವು. ಕರಾವಳಿಯಲ್ಲಾದರೆ ತೆಂಗಿನ ಮಡಲು, ಗೆರಟೆ. ಬಯಲುಸೀಮೆಯಲ್ಲಿ ಹತ್ತಿಯ ಕಟ್ಟಿಗೆ, ತೊಗರಿಯ ಕಟ್ಟಿಗೆ. ಯಾವುದು ಬೇಗ ಹೊತ್ತುತ್ತದೆ, ಯಾವುದು ನಿಧಾನವಾಗಿ ಕಾವು ಕೊಡುತ್ತದೆ, ಯಾವುದರ ಕೆಂಡ ಬೆಳಗಿನವರೆಗೆ ಆರದೆ ಉಳಿಯುತ್ತದೆ ಎಂಬ ಅರಿವು ಈ ಹೆಸರುಗಳಲ್ಲಿ ಅಡಕವಾಗಿತ್ತು. ಸಗಣಿಯ ಬೆರಣಿಯನ್ನೇ ನೋಡಿ: ನಾವು ನೆಲೆಸಿದ ಊರುಗಳಲ್ಲಿ ಅದು ತಮಿಳರಿಗೆ ವರಟ್ಟಿ, ತೆಲುಗರಿಗೆ ಪಿಡಕ, ಮರಾಠಿಗರಿಗೆ ಗೋವರಿ, ಹಿಂದಿಯವರಿಗೆ ಉಪಲಾ. ಬಳಸುವ ಕೈಗಳು ಹತ್ತಿರವಿದ್ದಾಗ ಹೆಸರುಗಳೂ ಹೀಗೆ ಹುಲುಸಾಗಿ ಹುಟ್ಟುತ್ತವೆ.

ನೆಲದಡಿಯ ಕಲ್ಲಿದ್ದಲು ಬಂದಾಗಲೂ ನಮ್ಮ ಭಾಷೆಗಳು ಒಲೆಯ ಬಳಿಯಿಂದಲೇ ಹೆಸರು ಹುಡುಕಿದವು. ಇದ್ದಿಲು ಮೊದಲೇ ಗೊತ್ತಿತ್ತು, ಕಲ್ಲಿನಂಥ ಇದ್ದಿಲು ಕಲ್ಲಿದ್ದಲಾಯಿತು. ಮರಾಠಿಯವರು ಅದೇ ರೀತಿ ‘ದಗಡೀ ಕೋಳಸಾ’ ಎಂದರು, ತಮಿಳರು ನೆಲದ ಕರಿ ಎಂಬರ್ಥದಲ್ಲಿ ‘ನಿಲಕ್ಕರಿ’ ಎಂದರು. ತೆಲುಗಿನಲ್ಲಿ ‘ಬೊಗ್ಗು’ ಎಂಬ ಒಂದೇ ಪದ ಎರಡಕ್ಕೂ ಸಾಕಾಯಿತು. 1889ರಲ್ಲಿ ನಿಜಾಮರ ಸೀಮೆಯ ಯೆಲ್ಲಂದುವಿನಲ್ಲಿ ಗಣಿಗಾರಿಕೆ ಆರಂಭವಾಗಿ ಮುಂದೆ ಸಿಂಗರೇಣಿ ಎಂದು ಪ್ರಸಿದ್ಧವಾದ ಗಣಿಗಳಲ್ಲಿ ದುಡಿದವರ ಬಾಯಲ್ಲಿಯೂ ಅದು ಬೊಗ್ಗೇ ಆಗಿತ್ತು.

ಉರುವಲಿನ ಕನ್ನಡ ಪದಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು ‘ಮೋಳಿಗೆ’. ಸೌದೆಯ ಹೊರೆಗೆ ಈ ಹೆಸರು. ಇಂದಿನ ಕನ್ನಡದ ಆಡುಮಾತಿನಲ್ಲಿ ಇದು ಬಹುತೇಕ ಮರೆಯಾಗಿದೆ. ಆದರೆ ಪುಣೆ, ಮುಂಬಯಿಗಳಲ್ಲಿರುವ ನಮ್ಮ ಓದುಗರು ಮರಾಠಿಯಲ್ಲಿ ‘ಲಾಕಡಾಚೀ ಮೋಳೀ’ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ನಮ್ಮಲ್ಲಿ ಮರೆತುಹೋದದ್ದು ನೆರೆಮನೆಯಲ್ಲಿ ಬದುಕಿದೆ.

ಕನ್ನಡದಲ್ಲಿ ಆ ಪದವನ್ನು ಉಳಿಸಿದ್ದು ಒಬ್ಬ ಶರಣನ ಹೆಸರು. 12ನೆಯ ಶತಮಾನದ ಮೋಳಿಗೆಯ ಮಾರಯ್ಯ ಕಾಡಿನಿಂದ ಸೌದೆ ಕಡಿದು, ತಲೆಯ ಮೇಲೆ ಹೊತ್ತು ತಂದು, ಕಲ್ಯಾಣದಲ್ಲಿ ಮಾರಿ ಬದುಕಿದವನು. ಅವನು ಮೊದಲು ಕಾಶ್ಮೀರದ ಅರಸನಾಗಿದ್ದ, ಶರಣರ ಕೀರ್ತಿ ಕೇಳಿ ಮಡದಿ ಮಹಾದೇವಿಯೊಡನೆ ರಾಜ್ಯ ಬಿಟ್ಟು ಬಂದ ಎಂಬುದು ಐತಿಹ್ಯ. ಅವನ ಬಡತನ ಕಂಡ ಬಸವಣ್ಣ ಗುಟ್ಟಾಗಿ ಹೊನ್ನಿಟ್ಟು ಹೋದರೆ ಮಾರಯ್ಯ ಅದನ್ನು ತನ್ನದಾಗಿಸಿಕೊಳ್ಳಲಿಲ್ಲ ಎಂಬ ಕಥೆಯೂ ಇದೆ. ಐತಿಹ್ಯವನ್ನು ಇತಿಹಾಸವೆಂದು ಸಾಧಿಸುವ ಅಗತ್ಯ ನಮಗಿಲ್ಲ. ದೂರದ ನಾಡಿನಿಂದ ಬಂದು, ಬಂದ ಊರಿನಲ್ಲಿ ದುಡಿದು ನೆಲೆ ಕಂಡುಕೊಂಡವನ ಕಥೆ ಹೊರನಾಡಿನಲ್ಲಿರುವ ನಮಗೆ ತಾನಾಗಿಯೇ ಹತ್ತಿರವಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ‘ಮೋಳಿಗೆ’ ಎಂದೊಡನೆ ಅದನ್ನು ಹೊತ್ತ ತಲೆ ಕಣ್ಣ ಮುಂದೆ ಬರುತ್ತದೆ. ‘ಇಂಧನ’ ಎಂದಾಗ ಯಾರೂ ಕಾಣುವುದಿಲ್ಲ.

ಹೊತ್ತವರು ಕಣ್ಮರೆಯಾಗತೊಡಗಿದ್ದು 19ನೆಯ ಶತಮಾನದಲ್ಲಿ ಎಂದು ನಮಗೆ ತೋರುತ್ತದೆ. 1856ರಲ್ಲಿ ಮದರಾಸಿನ ರಾಯಪುರದಿಂದ ವಾಲಾಜಾ ರಸ್ತೆಯವರೆಗೆ ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು ಓಡಿತು. ಬಂಗಾಳದ ಕಲ್ಲಿದ್ದಲು ದೂರ, ಇಂಗ್ಲೆಂಡಿನದು ಇನ್ನೂ ದೂರ. ಆದುದರಿಂದ ದಕ್ಷಿಣದ ಉಗಿಬಂಡಿಗಳು ಬಹುಕಾಲ ಸೌದೆಯನ್ನೇ ಸುಟ್ಟವು. ಹಳಿಯ ಅಡಿಗೆ ಹಾಸುವ ಮರವೂ ಅದೇ ಕಾಡಿನಿಂದ ಬರಬೇಕಿತ್ತು. ಅದೇ 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡ ಹ್ಯೂ ಕ್ಲೆಗ್‌ಹಾರ್ನ್, ಅದಕ್ಕೆ ಮುನ್ನ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ವೈದ್ಯನಾಗಿದ್ದವನು. ರೈಲಿನ ಹಸಿವಿಗೆ ಕಾಡು ಸಾಲದೆಂಬುದು ಅವನ ತಲೆಮಾರಿನ ಅಧಿಕಾರಿಗಳಿಗೆ ಬೇಗನೆ ಅರಿವಾಯಿತು.

ಅಂದಿನಿಂದ ಸುಡುವುದಕ್ಕೆಂದೇ ಮರ ಬೆಳೆಸುವ ಕೆಲಸ ಮೊದಲಾಯಿತು. ಆ ಮರಗಳ ಹೆಸರುಗಳಲ್ಲಿ ಒಂದು ಚಿಕ್ಕ ಚರಿತ್ರೆಯೇ ಇದೆ. ಚೆನ್ನೈ ಸುತ್ತಿನ ಮರಳು ದಂಡೆಯಲ್ಲಿ ಕಾಣುವ ಸವುಕ್ಕು ತೋಪುಗಳು, ಕಾರವಾರದ ಕಡಲಂಚಿನ ಗಾಳಿಮರಗಳು ಒಂದೇ ಜಾತಿಯವು. ಉರುವಲಿಗಾಗಿಯೇ ಅವನ್ನು ಕಡಲತೀರದುದ್ದಕ್ಕೂ ನೆಡಲಾಯಿತು. ಉದಕಮಂಡಲದ ಚಳಿಗೆ ಬೆದರಿದ ಬಿಳಿಯರು ಸೌದೆಗಾಗಿ ಆಸ್ಟ್ರೇಲಿಯದ ಮರವೊಂದನ್ನು ತರಿಸಿ ಬೆಳೆಸಿದರು. ಬೆಳೆದ ಬೆಟ್ಟದ ಹೆಸರೇ ಮರಕ್ಕೂ ಅಂಟಿ ಕನ್ನಡದಲ್ಲಿ ಅದು ‘ನೀಲಗಿರಿ’ಯಾಯಿತು. 1870ರ ದಶಕದ ಕೊನೆಯಲ್ಲಿ ಮದರಾಸು ಪ್ರಾಂತದ ಒಣಸೀಮೆಗೆಂದು ಅಮೆರಿಕ ಖಂಡದ ಕಡೆಯಿಂದ ತರಿಸಿದ ಮುಳ್ಳುಮರವೊಂದಿದೆ. ಕನ್ನಡಿಗರು ಅದನ್ನು ‘ಬಳ್ಳಾರಿ ಜಾಲಿ’ ಎಂದರು. ತಮಿಳರು ವಿದೇಶದ್ದು ಎಂದು ಗುರುತಿಸಿ ‘ಸೀಮೈ ಕರುವೇಲಂ’ ಎಂದರು. ತೆಲುಗರು ಯಾರು ತಂದರೆಂಬುದನ್ನು ನೆನಪಿಟ್ಟು ‘ಸರ್ಕಾರು ತುಮ್ಮ’ ಎಂದರು. ಮರಾಠಿಗರು ಅದು ಹಬ್ಬುವ ಪರಿ ಕಂಡು ಹುಚ್ಚುಜಾಲಿ ಎಂಬರ್ಥದಲ್ಲಿ ‘ವೇಡೀ ಬಾಭುಳ್’ ಎಂದರು. ಒಂದೇ ಗಿಡ ಒಬ್ಬರಿಗೆ ನೆರೆಯ ಜಿಲ್ಲೆಯದು, ಒಬ್ಬರಿಗೆ ಪರದೇಶದ್ದು, ಒಬ್ಬರಿಗೆ ಸರಕಾರದ್ದು, ಮತ್ತೊಬ್ಬರಿಗೆ ಹುಚ್ಚಿನದು. ಕಡತದಲ್ಲಿ ಮಾತ್ರ ಅದು ಬರಿಯ ಉರುವಲು ಮರ.

ಇನ್ನೊಂದೆಡೆ, ಮೊದಲು ಯಾರೂ ಲೆಕ್ಕವಿಡದಿದ್ದ ಕಾಡಿನ ಸೌದೆಗೆ ಕಾಯಿದೆ ಬಂತು. 1878ರ ಭಾರತೀಯ ಅರಣ್ಯ ಕಾಯಿದೆ, 1882ರ ಮದರಾಸು ಅರಣ್ಯ ಕಾಯಿದೆಗಳು ಕಾಡನ್ನು ವಿಂಗಡಿಸಿದವು. ಕಾದಿಟ್ಟ ಕಾಡಿನೊಳಗೆ ಅನುಮತಿಯಿಲ್ಲದೆ ಪುಳ್ಳೆ ಆರಿಸುವುದೂ ಅಪರಾಧವಾಯಿತು. ಅತ್ತ ರೈಲಿಗೆ ಮರ ಬಂಡಿಗಟ್ಟಲೆ ಹೋಗುತ್ತಿರಲು ಇತ್ತ ತಲೆಹೊರೆಗೆ ದಂಡ ಬೀಳುತ್ತಿತ್ತು. 1930ರ ಕಾನೂನುಭಂಗ ಚಳವಳಿಯಲ್ಲಿ ಉತ್ತರ ಕನ್ನಡ ಮೊದಲಾದ ಕಡೆ ಜನರು ಅರಣ್ಯ ಕಾಯಿದೆಯನ್ನು ಮುರಿಯಲು ಮುಂದಾದದ್ದು ಬರಿಯ ರಾಜಕೀಯ ಕರೆಗೆ ಓಗೊಟ್ಟು ಮಾತ್ರವಲ್ಲ. ಅದೇ ವರ್ಷದ ಸೆಪ್ಟೆಂಬರ್ 25ರಂದು ಮುಂಬಯಿಗೆ ಸಮೀಪದ ಉರಣ ತಾಲೂಕಿನ ಚಿರನೇರದಲ್ಲಿ ಜಂಗಲ್ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಇಂದು ಆ ಊರಿನ ಸುತ್ತ ನವಿಮುಂಬಯಿಯ ಬಡಾವಣೆಗಳು ಬೆಳೆಯುತ್ತಿವೆ. ಅಲ್ಲಿ ಮನೆ ಕೊಂಡ ಕನ್ನಡಿಗರಲ್ಲಿ ಎಷ್ಟು ಮಂದಿ ಈ ಸಂಗತಿಯನ್ನು ಕೇಳಿದ್ದಾರೋ!

ಮೈಸೂರು ಸಂಸ್ಥಾನದ ಕಥೆಯಲ್ಲಿ ಇಂಧನದ ಚಿಂತೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಸಂಸ್ಥಾನದಲ್ಲಿ ಚಿನ್ನವಿತ್ತು, ಕಬ್ಬಿಣದ ಅದಿರಿತ್ತು, ಕಲ್ಲಿದ್ದಲು ಇರಲಿಲ್ಲ. ಕೋಲಾರದ ಚಿನ್ನದ ಗಣಿಗಳ ಉಗಿಯಂತ್ರಗಳಿಗೆ ಸುತ್ತಲ ಕಾಡಿನ ಸೌದೆಯೂ ದೂರದ ಕಲ್ಲಿದ್ದಲೂ ಬೇಕಾಗಿತ್ತು. ಈ ಕೊರತೆಯೇ ಶಿವನಸಮುದ್ರದ ಜಲವಿದ್ಯುತ್ತಿಗೆ ಒಂದು ಕಾರಣವಾಯಿತು. 1902ರಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 92 ಮೈಲಿ ದೂರದ ಕೋಲಾರಕ್ಕೆ ತಂತಿಯಲ್ಲಿ ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಅಂದರೆ ವಿದ್ಯುತ್ತು ನಮ್ಮ ನಾಡಿಗೆ ಮೊದಲು ಬಂದದ್ದು ಬೆಳಕಾಗಿ ಅಲ್ಲ, ಗಣಿಯ ಸೌದೆಗೆ ಬದಲಿಯಾಗಿ.

ಭದ್ರಾವತಿ ಬೇರೆ ದಾರಿ ಹಿಡಿಯಿತು. 1923ರಲ್ಲಿ ಅಲ್ಲಿ ಕೆಲಸ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕರಗಿಸಿತು. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಬೆಸೆದುಕೊಂಡ ಆ ಸಾಹಸದಲ್ಲಿ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಪಡೆಯುವುದರ ಜೊತೆಗೆ ಮದ್ಯಸಾರದಂಥ ಉಪವಸ್ತುಗಳನ್ನೂ ತೆಗೆಯುತ್ತಿದ್ದರು. ಕಲ್ಲಿದ್ದಲಿಲ್ಲದ ನಾಡು ತನ್ನ ಕಾಡನ್ನೇ ಕುಲುಮೆಗೆ ಹಾಕಿ ಕಬ್ಬಿಣ ಪಡೆಯಿತು. ಇದನ್ನು ಹೆಮ್ಮೆಯೆನ್ನಬೇಕೋ ವ್ಯಥೆಯೆನ್ನಬೇಕೋ ಎಂದು ನಮ್ಮ ಕೂಟದಲ್ಲಿ ಮಾತು ಬಂದಾಗ ಒಮ್ಮತ ಮೂಡಲಿಲ್ಲ. ಎರಡೂ ನಿಜವೆಂದೇ ನಮ್ಮ ಎಣಿಕೆ.

ಮತ್ತೆ ಅಡುಗೆಮನೆಗೆ ಬರೋಣ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ, ರಷ್ಯಗಳಿಂದ ತಗಡಿನ ಡಬ್ಬಗಳಲ್ಲಿ ಬಂದ ಎಣ್ಣೆಗೆ ನಮ್ಮವರು ‘ಸೀಮೆ’ ಎಂಬ ವಿಶೇಷಣ ಹಚ್ಚಿದರು. ಎಲ್ಲೆ, ಪ್ರದೇಶ ಎಂಬ ಅರ್ಥವಿದ್ದ ಸೀಮೆ ಆ ಹೊತ್ತಿಗೆ ಪರದೇಶವನ್ನೂ ಸೂಚಿಸತೊಡಗಿತ್ತು. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸುಗಳ ಸಾಲಿಗೆ ಸೀಮೆಎಣ್ಣೆಯೂ ಸೇರಿತು. ಉತ್ತರದವರು ಗಾಜಿನ ಚಿಮಣಿಯ ದೀಪ ನೋಡಿ ಹೆಸರಿಟ್ಟರು. ತಮಿಳರೂ ಹಿಂದಿಯವರೂ ಮಣ್ಣಿನಿಂದ ಬಂದದ್ದೆಂದು ಹೆಸರಿಟ್ಟರು. ಮರಾಠಿಯ ‘ರಾಕೇಲ್’ ಇಂಗ್ಲಿಷಿನ ‘ರಾಕ್ ಆಯಿಲ್’ ಸವೆದು ಆದದ್ದೆನ್ನುತ್ತಾರೆ. ನಮ್ಮ ಕೂಟದ ವಾದಕ್ಕೆ ಉತ್ತರ ಇಷ್ಟೇ: ಯಾರೂ ತಪ್ಪಿರಲಿಲ್ಲ. ಒಬ್ಬರು ಎಣ್ಣೆ ಬಂದ ದೇಶವನ್ನು ನೋಡಿದ್ದರು, ಒಬ್ಬರು ಅದು ಉರಿದ ದೀಪವನ್ನು, ಮತ್ತೊಬ್ಬರು ಅದು ಹುಟ್ಟಿದ ನೆಲವನ್ನು.

ಹೊರನಾಡಿಗೆ ಬಂದ ಮೊದಲ ತಲೆಮಾರಿನ ಕನ್ನಡಿಗರ ಬಾಳು ಈ ಎಣ್ಣೆಯ ವಾಸನೆಯಲ್ಲಿಯೇ ಆರಂಭವಾಯಿತು. ಮುಂಬಯಿಯ ಚಾಳುಗಳ ಒಂದೇ ಕೋಣೆಯಲ್ಲಿ ಸೌದೆಯ ಒಲೆ ಹೂಡಲಾಗುತ್ತಿರಲಿಲ್ಲ. ಬತ್ತಿ ಸ್ಟೌ, ಪಂಪ್ ಸ್ಟೌಗಳೇ ಗತಿ. ಪಡಿತರ ಚೀಟಿ, ಡಬ್ಬ, ಸಾಲು. ಆ ಸಾಲಿನಲ್ಲಿ ನಿಂತೇ ನಮ್ಮ ತಾಯಂದಿರು ಹಲವರು ಮರಾಠಿ, ತಮಿಳು, ಹಿಂದಿ ಕಲಿತರು. ಖಾಲಿ ಡಬ್ಬ ನೀರು ತುಂಬಲಿಕ್ಕೂ ಅಕ್ಕಿ ಇಡಲಿಕ್ಕೂ ಆಯಿತು. ಈ ನೆನಪಿಗೆ ಒಂದು ಕಪ್ಪು ಅಂಚೂ ಇದೆ. ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಸುದ್ದಿ ಒಂದು ಕಾಲದಲ್ಲಿ ಪತ್ರಿಕೆಯ ಒಳಪುಟದಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ, ಸಿಡಿದದ್ದು ನಿಜವಾಗಿಯೂ ಸ್ಟೌವೇ ಎಂದು ಕೇಳಲು ಸಮಾಜಕ್ಕೆ ತಡವಾಯಿತು. 1983ರಲ್ಲಿ ಗಂಡನ ಮನೆಯ ಕ್ರೌರ್ಯದ ವಿರುದ್ಧವೂ 1986ರಲ್ಲಿ ವರದಕ್ಷಿಣೆ ಸಾವಿನ ವಿರುದ್ಧವೂ ದಂಡ ಸಂಹಿತೆಗೆ ಹೊಸ ಕಲಮುಗಳು ಸೇರಿದವು. ಅಂಥ ಸುದ್ದಿಗಳಲ್ಲಿ ಎಣ್ಣೆಯ ಹೆಸರಿರುತ್ತಿತ್ತು, ಸ್ಟೌವಿನ ಹೆಸರಿರುತ್ತಿತ್ತು, ಸುಟ್ಟವರ ಹೆಸರಿರುತ್ತಿರಲಿಲ್ಲ.

ಅನಂತರ ಅನಿಲ ಬಂತು. ಮುಂಬಯಿಯ ಬೀದಿಗಳಿಗೆ 1865ರಲ್ಲಿಯೇ ಕಲ್ಲಿದ್ದಲ ಅನಿಲದ ದೀಪ ಬಂದಿದ್ದರೂ ಸಿಲಿಂಡರಿನ ಅಡುಗೆ ಅನಿಲ ಮನೆ ಹೊಕ್ಕಿದ್ದು 1950ರ ದಶಕದ ನಡುವಿನಲ್ಲಿ. 1965ರಲ್ಲಿ ಇಂಡೇನ್ ಆರಂಭವಾದ ಮೇಲೆ ಅದು ಊರೂರಿಗೆ ಹಬ್ಬಿತು. 2016ರಲ್ಲಿ ಬಡಮನೆಗಳಿಗೆ ಅನಿಲ ಸಂಪರ್ಕ ಕೊಡುವ ಯೋಜನೆಗೆ ‘ಉಜ್ವಲಾ’ ಎಂದು ಹೆಸರಿಟ್ಟರು. ಅಷ್ಟರಲ್ಲಿ ನಮ್ಮ ಮನೆಗಳಲ್ಲಿ ಉರುವಲಿನ ಹತ್ತಾರು ಹೆಸರುಗಳು ಕರಗಿ ‘ಗ್ಯಾಸ್’ ಎಂಬ ಒಂದು ಪದ ಉಳಿದಿತ್ತು. ಹೊಗೆ ಹೋಯಿತು, ಕಣ್ಣುರಿ ತಪ್ಪಿತು. ಇದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಊದುಗೊಳವೆ ಹಿಡಿದು ಕೂತವರಿಗೆ ಹಳೆಯ ಒಲೆಯ ಕಾವ್ಯ ಬೇಕಿರಲಿಲ್ಲ.

ಮನೆಯೊಳಗೆ ಹೆಸರುಗಳು ಕಡಿಮೆಯಾಗುತ್ತಿದ್ದ ಕಾಲದಲ್ಲಿಯೇ ಕಚೇರಿಯಲ್ಲಿ ‘ಇಂಧನ’ ಬೆಳೆಯಿತು. ದೇಶದ ಯೋಜನಾ ದಾಖಲೆಗಳು ಇಂಧನವನ್ನು ಎರಡಾಗಿ ಒಡೆದವು: ಕಲ್ಲಿದ್ದಲು, ತೈಲ, ವಿದ್ಯುತ್ತು ‘ವಾಣಿಜ್ಯ’ದ್ದು, ಸೌದೆ, ಸಗಣಿ, ಬೆಳೆಯ ಉಳಿಕೆ ‘ವಾಣಿಜ್ಯೇತರ’. ಮಾರಾಟದ ಲೆಕ್ಕಕ್ಕೆ ಸಿಕ್ಕಿದ್ದು ಮೊದಲ ಪಂಕ್ತಿಯಲ್ಲಿ ಕುಳಿತಿತು. ದೇಶದ ಬಹುಪಾಲು ಮನೆಗಳ ಅನ್ನ ಬೇಯಿಸುತ್ತಿದ್ದದ್ದು ‘ಇತರ’ವಾಯಿತು. ಕನ್ನಡದಲ್ಲಿ ಈ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕರ್ನಾಟಕದ ಇಂಧನ ಇಲಾಖೆ ನೋಡಿಕೊಳ್ಳುವುದು ಮುಖ್ಯವಾಗಿ ವಿದ್ಯುತ್ತನ್ನು. ವಿದ್ಯುತ್ತು ಉರಿಯುವ ವಸ್ತುವಲ್ಲ, ಉರಿಸಿದ್ದರಿಂದಲೋ ಬೀಳುವ ನೀರಿನಿಂದಲೋ ಹುಟ್ಟುವ ಶಕ್ತಿ. ಮಹಾರಾಷ್ಟ್ರದವರು, ದೆಹಲಿಯವರು ಅದಕ್ಕೆ ‘ಊರ್ಜಾ’ ಎಂದರು. ತಮಿಳರು ‘ಎರಿಪೊರುಳ್’ ಎಂಬ ಉರಿಯುವ ವಸ್ತುವನ್ನೂ ‘ಎರಿಸಕ್ತಿ’ ಎಂಬ ಶಕ್ತಿಯನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರು. ಕನ್ನಡದ ಇಲಾಖೆ, ತೆಲುಗಿನದರಂತೆ, ಹೊತ್ತಿಸುವುದು ಎಂಬ ಅರ್ಥದ ಪದವನ್ನೇ ತಂತಿಯ ಮೇಲೂ ಹಾಯಿಸಿತು. ಸಮಿಧೆಯ ನೆಂಟ ಬೆಸ್ಕಾಮಿನ ಬಿಲ್ಲಿನವರೆಗೆ ಬಂದ.

ಈ ‘ಇತರ’ವನ್ನು ಎಣಿಸಬೇಕೆಂದು ಹೊರಟವರೂ ಕನ್ನಡ ನಾಡಿನಲ್ಲಿದ್ದರು ಎಂಬುದು ನಮಗೆ ಸಮಾಧಾನದ ಸಂಗತಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಆ ತಂಡದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ವ್ಯಯವಾಗುತ್ತದೆಂದು ಅಳೆದರು. ಹಳ್ಳಿಯ ಶಕ್ತಿಯ ಬಹುದೊಡ್ಡ ಪಾಲು ಸೌದೆಯದು, ಅದರಲ್ಲಿಯೂ ಹೆಚ್ಚಿನದು ಅಡುಗೆಗೆ ಹೋಗುತ್ತದೆ ಎಂದು ಕಂಡಿತು. ಆದರೆ ಅವರ ಪಟ್ಟಿಯಲ್ಲಿ ಸೌದೆಯ ಜೊತೆಗೆ ಇನ್ನೊಂದು ಲೆಕ್ಕವೂ ಇತ್ತು. ಸೌದೆ ತರಲು, ನೀರು ಹೊರಲು, ಅಡುಗೆ ಮಾಡಲು ಹೆಂಗಸರೂ ಮಕ್ಕಳೂ ಕಳೆಯುವ ಗಂಟೆಗಳನ್ನು, ನಡೆಯುವ ದೂರವನ್ನು ಅವರು ಬರೆದುಕೊಂಡರು. ಕಡಿಮೆ ಸೌದೆ ಬೇಡುವ ‘ಅಸ್ತ್ರ ಒಲೆ’ ಆ ಕೇಂದ್ರದಿಂದಲೇ ಬಂತು. ಆ ಆರರಲ್ಲಿ ಒಂದಾದ ಪುರ ಎಂಬ ಹಳ್ಳಿಯಲ್ಲಿ ಮುಂದೆ ಊರಿಗೆಲ್ಲ ಸೇರಿದ ಗೋಬರ್ ಅನಿಲ ಘಟಕ ಸ್ಥಾಪಿಸಿ, ಅದರ ಬಲದಿಂದ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಕೊಡಲಾಯಿತು. ಎಂಟು ಶತಮಾನದ ಹಿಂದೆ ಮಾರಯ್ಯನ ಹೆಸರಿನಲ್ಲಿ ಉಳಿದ ಮೋಳಿಗೆ, ಉಂಗ್ರದ ಹೆಂಗಸರ ತಲೆಯ ಮೇಲೆ ಇನ್ನೂ ಇತ್ತು. ಅದನ್ನು ಕಾಗದದ ಮೇಲೆ ಇಳಿಸಲು ಇಪ್ಪತ್ತನೆಯ ಶತಮಾನದ ಕೊನೆಯ ಪಾದವೇ ಬರಬೇಕಾಯಿತು.

‘ಇಂಧನ’ ಬೇಡವೆಂದು ನಾವು ಹೇಳುತ್ತಿಲ್ಲ. ಸೌದೆ, ತೈಲ, ಅನಿಲಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಅಂಥದೊಂದು ಪದ ಬೇಕೇ ಬೇಕು. ಅದಿಲ್ಲದೆ ಉಂಗ್ರದ ಲೆಕ್ಕವೂ ಸಾಧ್ಯವಾಗುತ್ತಿರಲಿಲ್ಲ. ಆದರೆ ಇತ್ತೀಚಿನ ಬರಹದಲ್ಲಿ ‘ವಿವಾದಕ್ಕೆ ಇಂಧನ ಒದಗಿಸಿತು’ ಎಂಬಂಥ ಮಾತು ಕಂಡಾಗ ಕನ್ನಡದ ಕಿವಿಗೆ ಏನೋ ತಪ್ಪಿದಂತಾಗುತ್ತದೆ. ನಮ್ಮ ನುಡಿಗಟ್ಟು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತದೆ. ಅಲ್ಲಿ ಸುರಿಯುವ ಕೈ ಕಾಣುತ್ತದೆ, ಯಾರದೆಂದು ಕೇಳಬಹುದು.

ನಮ್ಮ ಕೂಟದ ಕೊನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ತಮ್ಮ ತವರಿನಲ್ಲಿ ಬಳಸುತ್ತಿದ್ದ ಉರುವಲುಗಳ ಹೆಸರನ್ನು ಬೆರಳು ಮಡಚುತ್ತ ಹೇಳಿದರು. ಹದಿನಾಲ್ಕರವರೆಗೆ ಎಣಿಸಿ, ಇನ್ನೂ ಇದ್ದವು, ಮರೆತೆ ಎಂದರು. ಯಾವುದನ್ನು ಯಾರು ತರುತ್ತಿದ್ದರು ಎಂದು ಕೇಳಿದಾಗ ಮಾತ್ರ ಅವರಿಗೆ ಒಂದು ಹೆಸರೂ ಮರೆತಿರಲಿಲ್ಲ. ಮುಂದಿನ ಕೂಟಕ್ಕೆ ಬರುವವರು ತಮ್ಮ ಮನೆಯ ಹಿರಿಯರಿಂದ ಇಂಥ ಪಟ್ಟಿಯೊಂದನ್ನು ಬರೆದುಕೊಂಡು ಬರಲಿ ಎಂದು ಅಂದು ನಿಶ್ಚಯಿಸಿದ್ದೇವೆ. ಬರೆಯುವಾಗ ಉರುವಲಿನ ಹೆಸರಿನ ಮುಂದೆ ಅದನ್ನು ಹೊತ್ತು ತಂದವರ ಹೆಸರಿಗೂ ಒಂದು ಕಲಮು ಬಿಟ್ಟಿರಬೇಕೆಂಬುದು ಅಜ್ಜಿಯ ಸೂಚನೆ. ಓದುಗರೂ ಹಾಗೆಯೇ ಮಾಡಬೇಕೆಂದು ನಮ್ಮ ಕೋರಿಕೆ.